ದ್ಯಾಮವ್ವನ ತೊಡೆಯ ಕೆಂಪು

ನೆರಳೂರು, ಚಂದ್ರ
ಫೆಬ್ರವರಿ ಮೂವತ್ತು, 2417

ಭೂಮಿಯ ಹಿರಿಯರೇ,

ತಾರೀಖು ಕಂಡು ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಕೆಲವು ಮಾತುಗಳು ನಿಮ್ಮ ಕಿವಿಗೆ ಹೊಸವೆನಿಸಿದರೆ ಮನ್ನಿಸಿ. ನಿಮ್ಮ ಮೇಲಿನ ಹೊಟ್ಟೆಕಿಚ್ಚು ತಡೆಯಲಾರದೆ ಬರೆಯುತ್ತಿದ್ದೇನೆ.

ಇಲ್ಲಿ ಮೈಭಾರ ನಿಮ್ಮಲ್ಲಿಯ ಆರನೇ ಒಂದು ಪಾಲಷ್ಟೇ, ಕಾಲಿಗೆ ಕೆಲಸವಿಲ್ಲ. ಅದಕ್ಕೆ ಊರಿನವರೆಲ್ಲ ದಿನವೂ ತುಳಿಮನೆಗೆ ಹೋಗಿ ಪೆಡಲು ತುಳಿಯಬೇಕು. ತೊಡೆಗೆ ಕಟ್ಟುವ ಹರಿಗನ್ನಡಿ ಎಂಬ ಪಟ್ಟಿ ಒಳಗಿನ ರಕ್ತದ ಓಟವನ್ನು ಗೋಡೆಯ ಮೇಲೆ ಕೆಂಪಾಗಿ ತೋರಿಸುತ್ತದೆ. ತುಳಿತ ಜೋರಾದಂತೆ ಸ್ನಾಯುವಿನ ಸಣ್ಣ ನಾಳಗಳು ಹಿಗ್ಗುತ್ತವೆ. ಹೊಟ್ಟೆಯ ಕಡೆಯ ನಾಳಗಳು ಬಿಗಿದು ತಮ್ಮ ಪಾಲನ್ನು ಕಾಲಿಗೆ ಬಿಟ್ಟುಕೊಡುತ್ತವೆ. ಸ್ನಾಯು ಬಂದ ರಕ್ತದಿಂದ ಆಮ್ಲಜನಕವನ್ನು ಹಿಂಡಿಕೊಳ್ಳುತ್ತದೆ. ನನ್ನ ಕೆಂಪಿಗೆ ಸಮನಾದದ್ದು ಊರಿನಲ್ಲಿ ಇರಲಿಲ್ಲ. ಕರೆಂಟು ಹೋದಾಗ ಪೆಡಲು ತುಳಿದು ಗಾಳಿಬಾಗಿಲು ಮುಚ್ಚಿ, ನಮ್ಮ ಉಸಿರು ಹೊರಗೆ ಸೋರದಂತೆ ಕಾಯುವ ಪಡೆಗೆ ನಾನೇ ನಾಯಕಿ.

ಆಗ ಭೂಮಿಯಿಂದ ದ್ಯಾಮವ್ವ ಬಂದಳು. ಬಾದಾಮಿಯ ಬಂಡೆ ಹತ್ತಿ ಬೆಳೆದವಳು, ಇಲ್ಲಿ ಕಲ್ಲು ಪರೀಕ್ಷಿಸುವ ಕೆಲಸ. ಮೊದಲ ದಿನವೇ ಅವಳ ಕೆಂಪು ಗೋಡೆ ತುಂಬಿತು. ಜನ ಚಪ್ಪಾಳೆ ತಟ್ಟಿದರು.

“ಇಷ್ಟಕ್ಕ ಯಾಕ್ರೀ ಗದ್ಲಾ? ನಮ್ಮೂರಾಗ ಮುದುಕ್ಯಾರೂ ಗುಡ್ಡಾ ಏರ್ತಾರ,” ಎಂದು ಬೆವರೊರೆಸಿಕೊಂಡಳು.

ನಾಯಕಿಯ ಪಟ್ಟ ಅವಳದಾಯಿತು. ಅವಳು ಊಟಕ್ಕೆ ಕೂತ ಕಡೆ ನಾನು ಕೂರುತ್ತಿರಲಿಲ್ಲ. ಇವಳ ಕಾಲೂ ನಮ್ಮ ಕಾಲಿನಂತೆ ಬತ್ತಲಿ ಎಂದು ಹಾರೈಸಿದೆ.

ಬತ್ತಿತು. ಕಲ್ಲಿನ ಕೆಲಸದ ಗಡಿಬಿಡಿಯಲ್ಲಿ ಅವಳು ತುಳಿಮನೆ ತಪ್ಪಿಸತೊಡಗಿದ್ದಳು. ಸ್ನಾಯು ಕೇಳದಿದ್ದರೆ ಹೆಚ್ಚಿನ ರಕ್ತ ಬರುವುದಿಲ್ಲ. ಬಾರದೇ ಹೋದರೆ ಸಣ್ಣ ನಾಳಗಳು ಕ್ರಮೇಣ ಮುಚ್ಚಿಹೋಗುತ್ತವೆ. ಒಂದು ಮಧ್ಯಾಹ್ನ ಕರೆಂಟು ಹೋಯಿತು. ದ್ಯಾಮವ್ವ ಪೆಡಲು ಹತ್ತಿದಳು. ಬಾಗಿಲು ಅರ್ಧಕ್ಕೆ ಬಂದು ನಿಂತಿತು. ಗಾಳಿ ಶಿಳ್ಳೆ ಹಾಕುತ್ತ ಹೊರಗೆ ನುಗ್ಗುತ್ತಿತ್ತು.

“ತಂಗೀ, ಕಾಲು ಸೋತು ಹೋದ್ವು. ನೀ ಹಿಡಿ!”

ಹಾರಿ ಹತ್ತಿ ತುಳಿದೆ. ತೊಡೆಯಲ್ಲಿ ಬೆಂಕಿ ಹೊತ್ತಿದಂತಾಯಿತು, ಬಾಗಿಲು ಮುಚ್ಚಿತು. ಎಲ್ಲರೂ ನನ್ನನ್ನು ತಬ್ಬಿಕೊಂಡರು. ದ್ಯಾಮವ್ವ ಮಾತ್ರ ಗೋಡೆಗೊರಗಿ, ತೊಡೆ ತಿಕ್ಕಿಕೊಳ್ಳುತ್ತ ಅಳುತ್ತಿದ್ದಳು. ಪಟ್ಟ ನನಗೆ ಮರಳಿತು. ಆದರೆ ನಾನು ಆಸೆಪಟ್ಟಿದ್ದ ಆ ಕೆಂಪು ನನಗೆ ಬರಲಿಲ್ಲ, ಅವಳಿಗೂ ಉಳಿಯಲಿಲ್ಲ.

ಮರುದಿನ ಅವಳ ಕೈಹಿಡಿದು ತುಳಿಮನೆಗೆ ಎಳೆದುಕೊಂಡು ಹೋದೆ.

“ನನ್ನ ಮ್ಯಾಲ ನಿನಗ ಹೊಟ್ಟಿಕಿಚ್ಚಿತ್ತಲ್ಲವ್ವಾ?”

“ಈಗ್ಲೂ ಇದೆ ಅಕ್ಕ. ತುಳಿ.”

ಈಗ ಅವಳ ಕೆಂಪು ವಾರವಾರಕ್ಕೂ ಏರುತ್ತಿದೆ. ಬೇಗ ನನ್ನನ್ನು ದಾಟುತ್ತಾಳೆ. ನೆನೆದರೇ ಹೊಟ್ಟೆ ಉರಿಯುತ್ತದೆ.

ನಿಮಗೋ, ಹಾಸಿಗೆಯಿಂದ ಎದ್ದು ನಿಂತರೆ ಸಾಕು, ಇಡೀ ಭೂಮಿ ಪುಕ್ಕಟೆಯಾಗಿ ಕಾಲನ್ನು ಎಳೆಯುತ್ತದೆ. ಆದರೂ ಲಿಫ್ಟಿಗೆ ಕಾಯುತ್ತ ನಿಲ್ಲುತ್ತೀರಂತೆ! ಒಮ್ಮೆ ನನ್ನ ಸಲುವಾಗಿ ಮೆಟ್ಟಿಲು ಹತ್ತಿ. ಏದುಸಿರು ಬಂದರೆ ಬೈದುಕೊಳ್ಳಬೇಡಿ. ಅದು ನನ್ನದಾಗಬೇಕಿತ್ತು.

ನಿಮ್ಮ ಕಾಲಿನ ಮೇಲೆ ಕಣ್ಣಿಟ್ಟಿರುವ,
ನೇಸರ