ಶನಿವಾರದ ಎಣ್ಣೆನೀರು

ಹಾಗಲವಾಡಿ
ಗುರುವಾರ, 8-11-1979

ನನ್ನ ಯಜಮಾನರಿಗೆ ವನಜಳ ನಮಸ್ಕಾರಗಳು.

ನೀವು ಕ್ಷೇಮ ತಾನೆ? ಪಠಾಣ್‌ಕೋಟ್‌ನಲ್ಲಿ ಚಳಿ ಶುರುವಾಗಿದೆ ಅಂತ ಬರೆದಿದ್ರಿ. ಕಳಿಸಿದ ಸ್ವೆಟರು ಹಾಕ್ಕೊಳ್ತಿದೀರಾ, ಪೆಟ್ಟಿಗೆಯಲ್ಲೇ ಇಟ್ಟಿದೀರಾ? ಮಾವನವರ ಕೆಮ್ಮು ಕಮ್ಮಿ. ಅತ್ತೆ ಚೆನ್ನಾಗಿದಾರೆ. ಕೆಂದಹಸು ಕರು ಹಾಕಿದೆ.

ಇನ್ನು ನಮ್ಮ ರಂಗನ ವಿಷಯ. ಹೋದ ಕಾಗದದಲ್ಲಿ ನಾಚಿಕೆಯಿಂದ 'ಮಗುಗೆ ಸ್ವಲ್ಪ ತೊಂದರೆ' ಅಂತಷ್ಟೇ ಬರೆದಿದ್ದೆ. ನೀವು 'ಅಮ್ಮ ನೋಡ್ಕೋತಾಳೆ ಬುಡು' ಅಂದ್ರಿ. ಈಗ ಬಿಡಿಸಿ ಬರೀತೀನಿ, ಬೇರೆ ಯಾರ ಕೈಗೂ ಕೊಡಬೇಡಿ. ಅವನು ಉಚ್ಚೆ ಮಾಡೋ ಜಾಗದ ತುದಿಯ ಚರ್ಮ ಬಿಗಿಯಾಗಿದೆ, ಹಿಂದಕ್ಕೆ ಸರಿಯಲ್ಲ. ಅತ್ತೆ ಪ್ರತಿ ಶನಿವಾರ ಎಣ್ಣೆನೀರು ಹಾಕುವಾಗ ಹರಳೆಣ್ಣೆ ಬಿಟ್ಟು ಅದನ್ನ ಹಿಂದಕ್ಕೆ ಎಳೀತಾರೆ. ಮಗು ಕಿರುಚಿದ್ರೆ ಅವರೂ ಅಳ್ತಾರೆ, ಆದ್ರೆ ಕೈ ಬಿಡಲ್ಲ. 'ಈಗ ಬಿಡಿಸದಿದ್ರೆ ದಾರಿ ಕಟ್ಕೊಳ್ಳುತ್ತೆ ಕಣೇ, ನಿನ್ನ ಗಂಡನಿಗೂ ನಾನೇ ಬಿಡಿಸಿದ್ದು' ಅಂತಾರೆ. ಎರಡು ವಾರದ ಹಿಂದೆ ರಕ್ತ ಬಂತು. ಆಮೇಲೆ ಅವನು ಉರಿಗೆ ಹೆದರಿ ಉಚ್ಚೆ ತಡೆದು, ಕಾಲು ಹೊಸೆದುಕೊಂಡು ಹುಲ್ಲಿನ ಬಣವೆ ಹಿಂದೆ ನಿಲ್ಲೋಕೆ ಶುರು ಮಾಡಿದ. ಅದನ್ನ ನೋಡಿ ಅತ್ತೆ 'ನೋಡು, ದಾರಿ ಕಟ್ಟಿತು' ಅಂತ ಇನ್ನೂ ಜೋರಾಗಿ ಎಳೆದರು. ಹಿತ್ತಲಿಗೆ ಹೋಗಿ ನಿಂತೆ.

ಸೋಮವಾರ ಸೀರೆ ತರೋ ನೆಪ ಹೇಳಿ ಅವನನ್ನ ಗುಬ್ಬಿಗೆ ಕರಕೊಂಡು ಹೋಗಿ ಡಾಕ್ಟರಮ್ಮನಿಗೆ ತೋರಿಸಿದೆ. ಅವರು ನೋಡಿದವರೇ 'ಯಾರಮ್ಮ ಇದನ್ನ ಎಳೆದಿದ್ದು?' ಅಂತ ರೇಗಿದರು. ಆಮೇಲೆ ಸಮಾಧಾನವಾಗಿ ಹೇಳಿದರು. ಚಿಕ್ಕ ಗಂಡುಮಕ್ಕಳಿಗೆ ಆ ಚರ್ಮ ಒಳಗೆ ಅಂಟಿಕೊಂಡೇ ಇರುತ್ತಂತೆ, ಅದು ಕಾಯಿಲೆಯಲ್ಲವಂತೆ. ಬೆಳೀತಾ ತಾನಾಗೇ ಬಿಟ್ಕೊಳ್ಳುತ್ತೆ, ಕೆಲವರಿಗೆ ಮೀಸೆ ಮೂಡೋ ಹೊತ್ತೂ ಆಗಬಹುದು. ಎಳೆದ್ರೆ ಹರಿದು, ಗಾಯ ಮಾಗುವಾಗ ಚರ್ಮ ಗಟ್ಟಿಯಾಗಿ, ಇಲ್ಲದ ಕಾಯಿಲೆ ಬರುತ್ತೆ. ಮೇಲೆ ನೀರು ಹಾಕಿ ತೊಳೆದ್ರೆ ಸಾಕು. ಮುಲಾಮು ಕೊಟ್ಟಿದಾರೆ, ಬೆಚ್ಚಗಿನ ನೀರಿನಲ್ಲಿ ಕೂರಿಸು ಅಂದರು. ಕೊಯ್ಯಬೇಕಾ ಅಂತ ಕೇಳಿದೆ. ಈಗ ಬೇಡವಂತೆ. ಆದ್ರೆ ಪದೇ ಪದೇ ಕೆಂಪಗಾಗಿ ಕೀವು ಬಂದ್ರೆ, ಉಚ್ಚೆ ಹನಿಹನಿಯಾಗಿ ನೋವಿನಿಂದ ಹೋದ್ರೆ, ತುದಿ ಬೆಳ್ಳಗೆ ಗಟ್ಟಿಯಾದ್ರೆ ಕರಕೊಂಡು ಬಾ ಅಂದರು. ಉಚ್ಚೆ ಪೂರ್ತಿ ನಿಂತ್ರೆ, ಇಲ್ಲ ಎಳೆದ ಚರ್ಮ ಹಿಂದೇ ಸಿಕ್ಕಿಕೊಂಡು ಊದಿದ್ರೆ ಮಾತ್ರ ಒಂದು ಗಳಿಗೇನೂ ಕಾಯಬಾರದು, ಯಾವ ಆಸ್ಪತ್ರೆಯಾದ್ರೂ ಸರಿ ಅಂದರು.

ಇದನ್ನ ಅತ್ತೆಗೆ ಹೇಳೋಕೆ ಮೂರು ದಿನದಿಂದ ಅಡುಗೆಮನೆ ಹೊಸಿಲಿಗೆ ಹೋಗಿ ಹೋಗಿ ವಾಪಸ್ ಬರ್ತಿದೀನಿ. ನಾಲ್ಕನೇ ಕ್ಲಾಸು ಓದಿದವಳು ನಾನು, ಅವರು ಊರಿನ ಅರ್ಧ ಮಕ್ಕಳಿಗೆ ನೀರು ಹಾಕಿದವರು. ಅವರಿಗೆ ಮೊಮ್ಮಗ ಅಂದ್ರೆ ಪ್ರಾಣ, ಅದೇ ಕಷ್ಟ.

ನಿಮ್ಮ ಆರೋಗ್ಯ ಜೋಪಾನ. ರಂಗ ಅಪ್ಪನಿಗೆ ಸೆಲ್ಯೂಟ್ ಹೊಡೆದವ್ನೆ.

ಇಂತಿ ನಿಮ್ಮ
ವನಜಾ

ತಾ.ಕ.: ಇದನ್ನ ಶುಕ್ರವಾರ ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಬರೀತಿದೀನಿ. ಬೆಳಿಗ್ಗೆ ಅತ್ತೆ ನಾಳೆಗೆ ಅಂತ ಹಂಡೆ ಬೆಳಗಿದ್ದು ನೋಡಿ ಮಗು ಬಾಗಿಲ ಸಂದಿಯಲ್ಲಿ ನಡುಗುತ್ತಿತ್ತು. ನಮ್ಮಮ್ಮನಿಗೆ ಹುಷಾರಿಲ್ಲ ಅಂತ ಸುಳ್ಳು ಹೇಳಿ, ಅವನನ್ನ ಕರಕೊಂಡು ಹುಲಿಯೂರುದುರ್ಗಕ್ಕೆ, ತವರಿಗೆ ಹೊರಟಿದೀನಿ. ಇನ್ನು ಎಳೀಬಾರದು ಅಂತ ನೀವು ಮಾವನವರಿಗೆ ಬೇರೆ ಕಾಗದ ಬರೀರಿ, ಅವರು ಅತ್ತೆಗೆ ಓದಿ ಹೇಳ್ತಾರೆ. ನಿಮ್ಮ ಮಿಲಿಟರಿ ಡಾಕ್ಟರು ಹೇಳಿದ್ರು ಅಂತಾನೇ ಬರೀರಿ, ಮಗನ ಮಾತಾದ್ರೆ ಅವರಿಗೆ ನೋವಾಗಲ್ಲ. ಅಲ್ಲಿವರೆಗೂ ನಾನು ಮಗೂನ ಕರಕೊಂಡು ವಾಪಸ್ ಹೋಗಲ್ಲ, ಬೈದ್ರೂ ಸರಿ. ಈಗ ತಾನೇ ರಂಗ ಗೋಡೆ ಪಕ್ಕ ಹೋಗಿ ಅಳದೆ ಉಚ್ಚೆ ಮಾಡಿ ಬಂದ. ಬಸ್ಸು ಬಂತು.