ಗಾಲಿ ಬದಲಿಸುವ ಹೊತ್ತು

ಉಂಗೇನಿ
ಮಾರ್ಚ್ ೯, ಶನಿವಾರ

ಪ್ರೀತಿಯ ಅಮ್ಮಾ,

ಮೊನ್ನೆಯಷ್ಟೇ ಫೋನಿನಲ್ಲಿ ಮಾತಾಡಿ ಈಗ ಕಾಗದ ಬರೆಯುತ್ತಿದ್ದೇನೆ, ಕ್ಷಮಿಸು. ಫೋನಿನಲ್ಲಾದರೆ ಅಪ್ಪ ಪಕ್ಕದಲ್ಲೇ ಇರುತ್ತಾನೆ. ಕೆಲವು ಮಾತು ಬಾಯಿಗೆ ಬರುವುದಿಲ್ಲ. ಇದನ್ನು ಇಟಲಿಗೆ ಹೊರಡುವ ವ್ಯಾನಿನವನ ಕೈಯಲ್ಲಿ ಅಕ್ರೋಟಿನ ಚೀಲದ ಜೊತೆ ಕಳಿಸುತ್ತೇನೆ. ನಿನ್ನ ಸೊಂಟನೋವು ಹೇಗಿದೆ? ನೀನು ನೋಡಿಕೊಳ್ಳುವ ಇರ್ಮಾ ಅಜ್ಜಿಯನ್ನು ಒಬ್ಬಳೇ ಎತ್ತಿ ಕೂರಿಸಬೇಡ, ಅವರ ಮಗನನ್ನು ಕರೆ. ನನಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ, ಅಷ್ಟೇ. ರೈಲ್ವೆ ಎಂಜಿನಿಯರಿಂಗ್ ಕಾಲೇಜಿನ ಮೊದಲ ವರ್ಷದಲ್ಲಿ ಎಲ್ಲರಿಗೂ ಹೀಗೇ ಅಂತೆ. ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿವೆ, ಹಾಸ್ಟೆಲಿನಲ್ಲಿ ಕಲಿತ ನನ್ನ ಅರೆಬರೆ ಇಂಗ್ಲಿಷು ಅರ್ಧ ಪುಟಕ್ಕೇ ಕೈಕೊಡುತ್ತದೆ.

ಸುದ್ದಿ ಏನೆಂದರೆ, ಕಳೆದ ವಾರ ನಮ್ಮೂರ ಸಭಾಭವನದಲ್ಲಿ ರೈಲಿನ ಬಗ್ಗೆ ಸಭೆಯಾಯಿತು. ಗಡಿಯಾಚೆ ಬುಕಾರೆಸ್ಟಿನ ಕಡೆಯವರ ಅಳತೆಯಲ್ಲೇ ನಮ್ಮ ರಾಜಧಾನಿ ಕಿಶಿನೌವರೆಗೆ ಹೊಸ ಹಳಿ ಹಾಕುತ್ತಾರಂತೆ. ನಮ್ಮ ಹಳಿ ಅವರದಕ್ಕಿಂತ ನಾಲ್ಕು ಬೆರಳು ಅಗಲ. ಆ ನಾಲ್ಕು ಬೆರಳಿನಿಂದಲೇ ಅಪ್ಪನ ಶೆಡ್ಡು ಇಷ್ಟು ವರ್ಷ ನಡೆದದ್ದು. ಇನ್ನು ಗಡಿ ದಾಟುವ ರೈಲಿನ ಬೋಗಿಯನ್ನು ಜ್ಯಾಕಿನಲ್ಲಿ ಎತ್ತುವುದೂ ಇಲ್ಲ, ಆಚೆಯ ಅಳತೆಗೆ ಗಾಲಿ ಬದಲಿಸುವುದೂ ಇಲ್ಲ. ಬುಕಾರೆಸ್ಟಿನ ರೈಲು ಕಾಯದೆ ಮುಂದೆ ಹೋಗುತ್ತದೆ. ಶೆಡ್ಡಿನವರು ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು. ಜ್ಯಾಕ್ ನಡೆಸುವ ಪ್ರೊಫೀರಾ ಅತ್ತೆ ಎದ್ದು, ರಾಜಧಾನಿಯಿಂದ ಬಂದಿದ್ದ ಅಧಿಕಾರಿಯನ್ನು, “ಸಾಹೇಬ್ರೇ, ಇವತ್ತು ನೀವು ಬಂದಿದ್ದು ರೈಲಲ್ಲೋ ಕಾರಲ್ಲೋ?” ಎಂದು ಕೇಳಿದಳು. ಪಾಪ, ಅವನು ಸುಳ್ಳು ಹೇಳದೆ ಕಾರಲ್ಲಿ ಎಂದ. ಸಭೆಯೆಲ್ಲ ನಕ್ಕಿತು. ಅಷ್ಟರಲ್ಲಿ ಯಾರೋ, ಈ ಊರಲ್ಲಿ ರೈಲು ಓದುತ್ತಿರುವವಳು ಇವಳೊಬ್ಬಳೇ, ಇವಳೂ ಹೇಳಲಿ ಎಂದು ನನ್ನನ್ನು ಎಬ್ಬಿಸಿಬಿಟ್ಟರು.

ಅಪ್ಪನ ಕಡೆ ನೋಡದೆ ತಿಳಿದದ್ದನ್ನು ಹೇಳಿದೆ. ಗಾಲಿ ಬದಲಿಸುವುದೇ ಅಷ್ಟು ಹೊತ್ತು ತಿನ್ನುವುದರಿಂದ ಜನ ವ್ಯಾನು ಹತ್ತುತ್ತಿದ್ದಾರೆ, ಸರಕು ಲಾರಿಗೆ ಹೋಗುತ್ತಿದೆ, ಹೀಗೇ ಬಿಟ್ಟರೆ ಹಳೇ ಹಳಿಯೂ ಉಳಿಯುವುದಿಲ್ಲ, ಹೊಸ ಹಳಿ ಬೇಕು ಎಂದೆ. ಬೈಗುಳಕ್ಕೆ ಕಾಯುತ್ತಾ ಅಪ್ಪನ ಜೊತೆ ಮನೆಗೆ ನಡೆದೆ. ಬೀಗ ತೆಗೆಯುವಾಗ, “ಸರಿಯಾಗೇ ಹೇಳ್ದೆ ಬಿಡೇ. ಒಂದು ರೈಲಿಗೆ ಎರಡೆರಡು ಜೊತೆ ಕಾಲು ಯಾತಕ್ಕೆ,” ಎಂದ. ಆಮೇಲೆ ಮೆಕ್ಕೆಜೋಳದ ಹಿಟ್ಟು ಹಾಕಿ ಮಮಲಿಗಾ ತೊಳಸಿದ, ಗಂಟುಗಂಟಾಗಿತ್ತು, ತಿಂದೆವು.

ಮರುದಿನ ಅವನಿಗೆ ಬುತ್ತಿ ಕೊಡಲು ಶೆಡ್ಡಿಗೆ ಹೋದೆ. ಪ್ರಯಾಣಿಕರು ಒಳಗಿರುವಂತೆಯೇ ಎತ್ತಿ ನಿಲ್ಲಿಸಿದ್ದ ಬೋಗಿಯ ಕಿಟಕಿಗೆ ಯಾರದೋ ಅಮ್ಮ ಕೋಲಿನ ತುದಿಗೆ ಚೀಲ ಸಿಕ್ಕಿಸಿ ಊಟ ಏರಿಸುತ್ತಿದ್ದಳು. ನೀನು ಮೊದಲ ಸಲ ಹೊರಟ ದಿನ ಅಪ್ಪ ಹಾಗೇ ಕೋಸು ತುಂಬಿದ ಪ್ಲಚಿಂತಾ ರೊಟ್ಟಿ ಏರಿಸಿದ್ದನ್ನು, ನೀನು ಅಳುತ್ತಾ ಚೀಲದ ಜೊತೆ ಕೋಲನ್ನೂ ಒಳಗೆಳೆದುಕೊಂಡದ್ದನ್ನು ಪ್ರೊಫೀರಾ ಅತ್ತೆ ಇನ್ನೂ ಹೇಳಿಕೊಂಡು ನಗುತ್ತಾಳೆ. ಆ ಕೋಲು ಈಗ ಎಲ್ಲಿದೆ?

ಇರ್ಮಾ ಅಜ್ಜಿಗೆ ನನ್ನ ನಮಸ್ಕಾರ. ಸೊಂಟಕ್ಕೆ ಬಿಸಿ ನೀರಿನ ಚೀಲ ಇಟ್ಟುಕೋ.

ನಿನ್ನ ಮಗಳು
ಇಲಿಂಕಾ

ತಾ.ಕ.: ವ್ಯಾನು ಬಾಗಿಲಿಗೆ ಬಂದಿದೆ. ಬರೆಯಬೇಕಾಗಿದ್ದದ್ದು ಇದು. ಈ ಸಲ ಈಸ್ಟರಿಗೆ ವ್ಯಾನಿನಲ್ಲಿ ಬರಬೇಡ, ಬುಕಾರೆಸ್ಟಿನಿಂದ ರೈಲು ಹತ್ತು. ಮುಂದಿನ ಈಸ್ಟರಿಗೆ ಶೆಡ್ಡು ಇರುತ್ತದೋ ಇಲ್ಲವೋ. ನಿನ್ನ ಬಗ್ಗೆ ಅಪ್ಪ ಪ್ರೊಫೀರಾ ಅತ್ತೆಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು: “ಹೋಗುವಾಗ ಅವಳ ಬೋಗಿ ನಾನೇ ಎತ್ತಿ ಕಳಿಸ್ದೆ. ಬರುವಾಗ ಒಂದ್ಸಲಾನೂ ನನ್ನ ಕೈಯಲ್ಲಿ ಇಳೀಲಿಲ್ಲ.” ನಿನಗೆ ಅವನು ಎಂದೂ ಹೇಳುವುದಿಲ್ಲ. ಹೊಸ ಕೋಲೊಂದನ್ನು ಕೆತ್ತಿ ಬಾಗಿಲ ಹಿಂದೆ ನಿಲ್ಲಿಸಿದ್ದಾನೆ, ಪೊರಕೆಯ ಹಿಡಿಗೆ ಅಂತೆ. ನೀನು ಹತ್ತುವ ಬೋಗಿ ಯಾವುದೆಂದು ನನಗೊಬ್ಬಳಿಗೇ ತಿಳಿಸು. ಬೇಗ ಉತ್ತರ ಬರೆ.