ಗಡಿಯಾರದ ಎಡಭಾಗ

ರೀ,

ರಾತ್ರಿ ಪಾಳಿ ಮುಗಿಸಿ ಬಂದವರು ಮೊದಲು ಕೂತುಕೊಂಡು ಇದನ್ನು ಓದಿ. ಮಗಳು ಎದುರುಮನೆ ಅಜ್ಜಿಯ ಹತ್ತಿರ ಇದ್ದಾಳೆ. ಇವತ್ತಿನಿಂದ ಅವಳನ್ನು ಶಾಲೆಗೆ ನೀವೇ ಬಿಡಬೇಕು.

ನಿನ್ನೆ ಆಸ್ಪತ್ರೆಯ ಚಿಕಿತ್ಸೆಯ ಕೋಣೆಯಲ್ಲಿ, ನನ್ನ ಹತ್ತಿರ ಚಿಕಿತ್ಸೆಗೆ ಬರುವ ಮೇಷ್ಟ್ರಿಗೆ ಗಡಿಯಾರ ಬರೆದು ತೋರಿಸುತ್ತಿದ್ದೆ. ಪಾರ್ಶ್ವವಾಯು ಆದಮೇಲೆ ಎಡಗಡೆ ಇರುವ ಯಾವುದೂ ಅವರ ಗಮನಕ್ಕೆ ಬರುತ್ತಿರಲಿಲ್ಲ. ಎಡಕ್ಕೆ ತಿರುಗಿ ಹುಡುಕುವುದನ್ನು ಮೂರು ತಿಂಗಳಿಂದ ಕಲಿಸುತ್ತಿರುವವಳು ನಾನೇ. ಅವರು ಹಾಳೆ ನೋಡಿ ನಕ್ಕರು. "ಏನಮ್ಮಾ, ನಂಗೇ ಪರೀಕ್ಷೇನಾ? ಏಳರಿಂದ ಹನ್ನೊಂದು ಎಲ್ಲಿ ಹೋದ್ವು?" ಎಂದರು. ನಾನೂ ನಕ್ಕು ಹಾಳೆ ಮಡಚಿಟ್ಟೆ. ನನ್ನ ಕಣ್ಣಿಗೆ ಆ ಗಡಿಯಾರ ಪೂರ್ತಿಯಾಗಿಯೇ ಕಂಡಿತ್ತು.

ಮೊನ್ನೆ ರಸ್ತೆ ದಾಟುವಾಗ ಎಡಗಡೆಯಿಂದ ಬಂದ ಸ್ಕೂಟರ್ ನನಗೆ ಕಾಣಲೇ ಇಲ್ಲ. ಮಗಳೇ ನನ್ನನ್ನು ಹಿಂದಕ್ಕೆಳೆದಳು. ನಾನು ಸವಾರನಿಗೆ ಬೈದು ಸುಮ್ಮನಾದೆ, ನಿಮಗೂ ಹೇಳಲಿಲ್ಲ. ಬಾಗಿಲಿಗೆ ಭುಜ ಬಡಿದುಕೊಂಡಾಗ "ಕಣ್ಣು ಎಲ್ಲಿಟ್ಟಿದ್ದೀಯಾ?" ಅಂತ ರೇಗಿದಿರಲ್ಲ, ಅದೂ ಎಡಭುಜವೇ.

ತಲೆಯ ಸ್ಕ್ಯಾನ್ ಮಾಡಿಸಲು ನಮ್ಮ ಆಸ್ಪತ್ರೆಗೇ ಹೋಗುತ್ತಿದ್ದೇನೆ. ನಮ್ಮ ವಾರ್ಡಿನ ನರ್ಸಕ್ಕ ಕರೆದುಕೊಂಡು ಹೋಗಲು ಬರುತ್ತಾರೆ, ಒಬ್ಬಳೇ ರಸ್ತೆಗಿಳಿಯುವ ಧೈರ್ಯ ನನಗಿಲ್ಲ. ತಿಂಡಿ ಮುಚ್ಚಿಟ್ಟಿದ್ದೇನೆ. ಗಾಬರಿಯಲ್ಲಿ ಹಾಗೇ ಓಡಿ ಬರಬೇಡಿ, ತಿಂದು ಬನ್ನಿ. ಮಗಳಿಗೆ ಈಗಲೇ ಏನೂ ಹೇಳಬೇಡಿ.

ತುಂಬಾ ಭಯವಾಗುತ್ತಿದೆ ರೀ. ಆಸ್ಪತ್ರೆಗೆ ಬಂದಾಗ ನನ್ನ ಬಲಗಡೆಯೇ ಬಂದು ನಿಲ್ಲಿ. ನೀವು ಬಂದದ್ದು ನನಗೆ ಗೊತ್ತಾಗಬೇಕು.